ಮನೆಯ ಕೋವಿ, ಸರಕಾರದ ಕೋವಿ

ನಮ್ಮ ದೇಲಂಪಾಡಿಯು ಕೇರಳ ರಾಜ್ಯದ ಅಂಚಿನಲ್ಲಿದ್ದು, ಅದರ ಮೂಡುಗಡೆಗೆ ಸುಳ್ಯ ಸೀಮೆಯೂ ಅದರಾಚೆಗೆ ಕೊಡಗಿನ ಬೆಟ್ಟಸಾಲುಗಳೂ ಇವೆಯೆಂಬುದನ್ನು ಇಲ್ಲಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ಪಯಸ್ವಿನಿಯು ಸುಳ್ಯವನ್ನು ಹಾದು ನಮ್ಮ ಕಡೆಗೆ ಇಳಿದು, ಮುಂದೆ ಚಂದ್ರಗಿರಿ ಎಂಬ ಹೆಸರಿನಿಂದ ಕಾಸರಗೋಡಿನ ಬಳಿ ಕಡಲನ್ನು ಸೇರುತ್ತದೆ. ನೀರು ಇಳಿದು ಬಂದ ಈ ನಾಡಿನಲ್ಲಿ ನೂರೆಂಬತ್ತು ವರ್ಷಗಳಿಗೂ ಹಿಂದೆ ಎರಡು ಬಾರಿ ದಂಡುಗಳು ಓಡಾಡಿದುವು. ಆ ಯುದ್ಧಗಳ ಪೂರ್ಣ ಚರಿತ್ರೆಯನ್ನು ಬರೆಯುವುದು ಈ ಲೇಖನದ ಉದ್ದೇಶವಲ್ಲ. ಅವುಗಳಲ್ಲಿ ಕಾದಾಡಿದವರ ಕೈಯಲ್ಲಿ ಇದ್ದ ಕೋವಿಗಳು ಎಂಥವು, ಮನೆಯ ಕೋವಿಗೂ ಸರಕಾರದ ಕೋವಿಗೂ ಇರುವ ವ್ಯತ್ಯಾಸವೇನು, ಆ ವ್ಯತ್ಯಾಸಕ್ಕೆ ಎಷ್ಟು ಜನರು ಎಷ್ಟು ಬೆಲೆ ತೆತ್ತರು ಎಂಬುದನ್ನು ಮಾತ್ರ ವಿವರಿಸಲು ಯತ್ನಿಸುತ್ತೇನೆ.

೧೮೩೪ರ ಏಪ್ರಿಲ್ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಕೊಡಗಿನ ಕೊನೆಯ ಅರಸನಾದ ಚಿಕ್ಕವೀರರಾಜೇಂದ್ರನ ಮೇಲೆ ಹಲವು ದಿಕ್ಕುಗಳಿಂದ ದಂಡೆತ್ತಿ ಹೋದರು. ಅವುಗಳಲ್ಲಿ ಒಂದು ದಳವು ಕರ್ನಲ್ ಜ್ಯಾಕ್ಸನ್ ಎಂಬವನ ಕೈಕೆಳಗೆ ನಮ್ಮ ಕುಂಬಳೆಯಿಂದ ಹೊರಟು ಮೂಡಣಕ್ಕೆ ನಡೆಯಿತು. ಕಾಡಿನ ಮರೆಯಿಂದಲೂ ಮರದ ದಿಮ್ಮಿ ಮಣ್ಣುಗಳಿಂದ ಕಟ್ಟಿದ ಅಡ್ಡಗೋಡೆಗಳ ಮರೆಯಿಂದಲೂ ಕೊಡಗಿನವರು ಹೊಡೆದ ಈಡುಗಳಿಗೆ ನಿಲ್ಲಲಾರದೆ, ಬಹಳ ಮಂದಿಯನ್ನು ಕಳೆದುಕೊಂಡು, ಆ ದಳವು ಬಂದ ದಾರಿಯಲ್ಲಿಯೇ ಕಡಲ ಕಡೆಗೆ ಹಿಂದಿರುಗಿತು. ಉತ್ತರದ ಕಡೆಯಿಂದ ಏರಿದ ಇನ್ನೊಂದು ದಳಕ್ಕೂ ಹೀಗೆಯೇ ಪೆಟ್ಟುಬಿದ್ದು, ಕರ್ನಲ್ ಮಿಲ್ ಎಂಬ ಅಧಿಕಾರಿ ಅಲ್ಲಿ ಮಡಿದನು. ಹೀಗಿದ್ದರೂ ಬೇರೆ ದಾರಿಯಿಂದ ಬಂದ ದಂಡು ಕೆಲವೇ ದಿನಗಳಲ್ಲಿ ಮಡಿಕೇರಿಯನ್ನು ಹಿಡಿಯಿತು. ಮೇ ತಿಂಗಳಲ್ಲಿ ಕೊಡಗು ಕಂಪೆನಿಯ ಆಳ್ವಿಕೆಗೆ ಸೇರಿತು. ಅದುವರೆಗೆ ಕೊಡಗಿನ ಅರಸರ ಕೈಕೆಳಗಿದ್ದ ಅಮರ ಸುಳ್ಯ ಮೊದಲಾದ ಘಟ್ಟದ ತಗ್ಗಿನ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿಯ ರೈತರು ಹಿಂದೆ ಬೆಳೆದ ಬೆಳೆಯನ್ನೇ ಅಳೆದು ಕಂದಾಯವಾಗಿ ಕೊಡುತ್ತಿದ್ದರು. ಇನ್ನು ಮುಂದೆ ನಗದು ಹಣವನ್ನೇ ತರಬೇಕೆಂಬ ಕಟ್ಟಳೆಯಾಯಿತು. ಹಣ ಎಂಬುದು ಕಾಣಸಿಗದ ಆ ಕಾಲದಲ್ಲಿ ಇದರಿಂದ ಸಾಲಗಾರರ ಮನೆಬಾಗಿಲು ಕಾಯದೆ ಗತಿಯಿರಲಿಲ್ಲ.

ಇದರ ಫಲವೇ ೧೮೩೭ರ ದಂಗೆ. ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರು ಸುಳ್ಯದ ಬಳಿಯ ಪೂಮಲೆಯಲ್ಲಿ ಸೇರಿ, ಪುಟ್ಟಬಸಪ್ಪನೆಂಬವನನ್ನು ಕಲ್ಯಾಣಸ್ವಾಮಿಯೆಂಬ ಹೆಸರಿನಿಂದ ಮುಂದಾಳಾಗಿ ನಿಲ್ಲಿಸಿ, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರು ಪಾಣೆಮಂಗಳೂರುಗಳ ದಾರಿಯಾಗಿ ಇಳಿದು, ಏಪ್ರಿಲ್ ೫ರಂದು ಮಂಗಳೂರನ್ನೇ ಹಿಡಿದರು. ಅವರು ಬಾವುಟ ಏರಿಸಿದ ಗುಡ್ಡವನ್ನು ಇಂದಿಗೂ ಬಾವುಟಗುಡ್ಡೆ ಎಂದೇ ಕರೆಯುತ್ತಾರೆ. ಅಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯನ್ನು ೨೦೨೨ರಲ್ಲಿ ನಿಲ್ಲಿಸಿದ್ದಾರೆ. ಸುಮಾರು ಹದಿಮೂರು ದಿವಸ ಮಂಗಳೂರು ರೈತರ ಕೈಯಲ್ಲಿತ್ತು. ಆ ಬಳಿಕ ಕಣ್ಣಾನೂರಿನಿಂದ ಹಡಗುಗಳಲ್ಲಿ ಕಂಪೆನಿಯ ಸೈನ್ಯ ಬಂದಿಳಿಯಿತು.

ಆ ರೈತರು ಏನನ್ನು ಹಿಡಿದು ಹೊರಟಿದ್ದರು? ಮನೆಯಲ್ಲಿ ಇದ್ದುದನ್ನು. ಕೆಲವರಿಗೆ ಕತ್ತಿ, ಕೆಲವರಿಗೆ ದೊಣ್ಣೆ, ಕೆಲವರಿಗೆ ಬತ್ತಿಯ ಕೋವಿ. ಈ ಬತ್ತಿಯ ಕೋವಿಯನ್ನು ಇಂದಿನ ಮಕ್ಕಳು ಕಂಡಿರಲಾರರು. ಆದುದರಿಂದ ಅದರ ರೀತಿಯನ್ನು ಸ್ವಲ್ಪ ವಿವರಿಸುವುದು ಅಗತ್ಯ. ಉದ್ದವಾದ ಕಬ್ಬಿಣದ ನಳಿಗೆ. ಅದರ ಹಿಂದಿನ ತುದಿ ಮುಚ್ಚಿದೆ. ಬಾಯಿಯ ಕಡೆಯಿಂದ ಮೊದಲು ಅಳತೆಯ ಮದ್ದನ್ನು ಸುರಿದು, ಮೇಲೆ ನಾರಿನ ಅಥವಾ ಬಟ್ಟೆಯ ಉಂಡೆಯನ್ನಿಟ್ಟು, ಸೀಸದ ಗುಂಡನ್ನು ಇಳಿಸಿ, ಗಜವೆಂಬ ಸಲಾಕೆಯಿಂದ ಜಡಿಯಬೇಕು. ನಳಿಗೆಯ ಹಿಂಬದಿಯ ಪಕ್ಕದಲ್ಲಿ ಕಿವಿಯಂತೆ ಒಂದು ಸಣ್ಣ ತೂತು. ಅದರ ಹೊರಗೆ ಒಂದು ಪುಟ್ಟ ಬಟ್ಟಲು. ಬಟ್ಟಲಿಗೆ ಚಿಟಿಕೆ ಮದ್ದನ್ನು ಹಾಕಿ, ಸದಾ ಕೆಂಡವಾಗಿ ಉರಿಯುತ್ತಿರುವ ಜಾಮಗಿ ಎಂಬ ಹಗ್ಗದ ಬತ್ತಿಯನ್ನು ಕೀಲಿಗೆ ಸಿಕ್ಕಿಸಿ, ಕೀಲನ್ನು ಒತ್ತಿದರೆ ಬತ್ತಿ ಬಟ್ಟಲನ್ನು ಮುಟ್ಟಿ, ಕಿಡಿ ತೂತಿನೊಳಗೆ ಹೊಕ್ಕು, ಈಡು ಹಾರುತ್ತದೆ. ಮಳೆ ಬಂದರೆ ಬತ್ತಿ ಆರಿತು. ಗಾಳಿ ಬೀಸಿದರೆ ಬಟ್ಟಲಿನ ಮದ್ದು ಹಾರಿತು. ಕತ್ತಲೆಯಲ್ಲಿ ಬತ್ತಿಯ ಕೆಂಡವೇ ಶತ್ರುವಿಗೆ ಗುರಿಯನ್ನು ತೋರಿಸಿಕೊಟ್ಟಿತು. ನಮ್ಮ ಸೀಮೆಯ ಆಟಿ ತಿಂಗಳ ಮಳೆಯನ್ನು ನೆನೆದುಕೊಂಡರೆ ಇಂಥ ಕೋವಿ ವರ್ಷದಲ್ಲಿ ಎಷ್ಟು ದಿನ ಉಪಯೋಗಕ್ಕೆ ಬಂದೀತೆಂದು ಯಾರಾದರೂ ಲೆಕ್ಕ ಹಾಕಬಹುದು. ದಂಗೆ ಬೇಸಗೆಯಲ್ಲಿ ನಡೆಯಿತು.

ಕಂಪೆನಿಯ ಸಿಪಾಯಿಯ ಕೋವಿಯಲ್ಲಿ ಬತ್ತಿ ಇರಲಿಲ್ಲ. ಅದರ ಕುದುರೆಯ ಬಾಯಿಯಲ್ಲಿ ಚಕಮಕಿ ಕಲ್ಲು ಸಿಕ್ಕಿಸಿರುತ್ತಿತ್ತು. ಕೀಲನ್ನು ಒತ್ತಿದಾಗ ಕಲ್ಲು ಉಕ್ಕಿನ ತಗಡಿಗೆ ಬಡಿದು ಕಿಡಿ ಉದುರುತ್ತಿತ್ತು. ಇದು ಒಳ್ಳೆಯ ಸುಧಾರಣೆಯೇ ಸರಿ. ಆದರೆ ನಾನು ಹೇಳಬೇಕೆಂದಿರುವ ದೊಡ್ಡ ವ್ಯತ್ಯಾಸ ಕಲ್ಲು ಬತ್ತಿಗಳದ್ದಲ್ಲ. ಬತ್ತಿಯ ಕೋವಿಯೂ ಕಾಡಿನ ಮರೆಯಲ್ಲಿ ಕುಳಿತವನ ಕೈಯಲ್ಲಿ ಎಷ್ಟು ಭಯಂಕರವೆಂಬುದನ್ನು ಕುಂಬಳೆಯ ದಳವು ಮೂರು ವರ್ಷಗಳ ಹಿಂದೆ ಕಂಡಿತ್ತಷ್ಟೆ. ವ್ಯತ್ಯಾಸ ಇದ್ದುದು ನಳಿಗೆಯ ತೂತಿನ ಅಳತೆಯಲ್ಲಿ. ಕಂಪೆನಿಯ ಕೋವಿಗಳೆಲ್ಲವೂ ಒಂದೇ ಮಾದರಿಯವು. ತೂತು ಮುಕ್ಕಾಲು ಅಂಗುಲ, ಅಂದರೆ ಸುಮಾರು ೧೯ ಮಿಲ್ಲಿಮೀಟರು. ಆದುದರಿಂದ ಒಬ್ಬ ಸಿಪಾಯಿಯ ಚೀಲದ ಗುಂಡು ಇನ್ನೊಬ್ಬನ ಕೋವಿಗೆ ಸರಿಹೋಗುತ್ತಿತ್ತು. ಅಳತೆಯ ಮದ್ದನ್ನೂ ಗುಂಡನ್ನೂ ಒಟ್ಟಿಗೆ ಸುತ್ತಿದ ಕಾಗದದ ತೋಟೆಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಹಡಗಿನಲ್ಲಿ ಕಳುಹಿಸಿದರೆ, ಯಾವ ಪೆಟ್ಟಿಗೆ ಯಾವ ದಳಕ್ಕೆ ಹೋದರೂ ಕೆಲಸ ನಡೆಯುತ್ತಿತ್ತು. ಮನೆಯ ಕೋವಿಯಾದರೋ ಊರ ಕಮ್ಮಾರನ ಕೈಕೆಲಸ. ಒಂದರ ತೂತು ಹೆಬ್ಬೆರಳಿನಷ್ಟು, ಇನ್ನೊಂದರದ್ದು ಕಿರುಬೆರಳಿನಷ್ಟು. ಒಡೆಯನೇ ತನ್ನ ಕೋವಿಗೆ ತಕ್ಕ ಅಚ್ಚಿನಲ್ಲಿ ಸೀಸವನ್ನು ಕರಗಿಸಿ ಹೊಯ್ದುಕೊಳ್ಳಬೇಕು. ಹಂದಿಯ ಬೇಟೆಗೆ ಹತ್ತು ಗುಂಡುಗಳು ಧಾರಾಳವಾಗಿ ಸಾಕು. ಯುದ್ಧಕ್ಕೆ ಅದು ಒಂದು ಗಳಿಗೆಯ ಖರ್ಚು. ಪಕ್ಕದವನು ಸತ್ತರೆ ಅವನ ಚೀಲದ ಗುಂಡು ನನ್ನ ಕೋವಿಗೆ ಹತ್ತದು; ಹತ್ತಿದರೂ ಒಳಗೆ ಗಡಗಡಿಸಿ ಎತ್ತಲೋ ಹಾರೀತು. ಮನೆಯ ಕೋವಿಯನ್ನು ಹಿಡಿದು ಯುದ್ಧಕ್ಕೆ ಹೋದವನು ಅದರ ಅನ್ನವನ್ನೂ ಮನೆಯಿಂದಲೇ ಹೊತ್ತುಕೊಂಡು ಹೋಗಬೇಕು.

ಇಲ್ಲಿ ಒಂದು ಮಾತನ್ನು ಸೇರಿಸಬಹುದು. ನಮ್ಮ ಕಡೆಯಲ್ಲಿ ಬೆಳೆ ಕಾಯಲು ಪರವಾನಗಿ ಪಡೆದು ಇಟ್ಟುಕೊಂಡಿರುವ ಕೋವಿಯನ್ನು ‘ಹನ್ನೆರಡು ಬೋರು’ ಎನ್ನುತ್ತಾರೆ. ಈ ಹನ್ನೆರಡು ಏನೆಂದು ಮಕ್ಕಳು ಕೇಳಿದರೆ ಹಿರಿಯರಲ್ಲಿಯೂ ಅನೇಕರು ಸುಮ್ಮನಾಗುವರು. ಒಂದು ಪೌಂಡು ಸೀಸವನ್ನು ಸಮನಾಗಿ ಹನ್ನೆರಡು ಉರುಟು ಗುಂಡುಗಳಾಗಿ ಹೊಯ್ದರೆ, ಒಂದು ಗುಂಡು ಸರಿಯಾಗಿ ಹಿಡಿಸುವಷ್ಟು ಅಗಲದ ನಳಿಗೆಗೆ ಹನ್ನೆರಡು ಬೋರು ಎಂದು ಹೆಸರು. ಆ ಅಗಲ ಸುಮಾರು ಹದಿನೆಂಟೂವರೆ ಮಿಲ್ಲಿಮೀಟರು. ಹದಿನಾರು ಗುಂಡುಗಳಾಗಿ ಹೊಯ್ದರೆ ಗುಂಡು ಚಿಕ್ಕದಾಗುವುದರಿಂದ ಹದಿನಾರು ಬೋರಿನ ನಳಿಗೆ ಹನ್ನೆರಡಕ್ಕಿಂತ ಸಣ್ಣದು. ಸಂಖ್ಯೆ ದೊಡ್ಡದಾದಂತೆ ತೂತು ಕಿರಿದಾಗುವ ಈ ವಿಚಿತ್ರ ಲೆಕ್ಕವು, ಮನೆಯಲ್ಲಿ ಸೀಸ ಕರಗಿಸುತ್ತಿದ್ದ ಕಾಲದಿಂದ ಉಳಿದು ಬಂದದ್ದು.

ದಂಗೆಯ ಕಥೆಗೆ ಹಿಂದಿರುಗೋಣ. ಕಂಪೆನಿಯ ದಂಡಿನ ಮುಂದೆ ರೈತರ ಕೂಟ ಚದರಿಹೋಯಿತು. ಕಲ್ಯಾಣಸ್ವಾಮಿಯನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡನನ್ನು ೧೮೩೭ರ ಅಕ್ಟೋಬರ್ ೩೧ರಂದು ಮಡಿಕೇರಿಯ ಕೋಟೆಯ ಬಳಿ ಮನೆಯವರ ಕಣ್ಣೆದುರಿನಲ್ಲಿಯೇ ನೇಣಿಗೆ ಹಾಕಿದರು. ಇತ್ತ ದಂಗೆಯನ್ನು ಅಡಗಿಸುವುದರಲ್ಲಿ ಕಂಪೆನಿಗೆ ನೆರವಾದ ಕೊಡಗಿನ ಮುಖ್ಯಸ್ಥರಿಗೂ ಅವರ ಕಡೆಯವರಿಗೂ ಚಿನ್ನ ಬೆಳ್ಳಿಗಳ ಪದಕಗಳು ದೊರೆತುವು. ಆ ಪದಕದ ಮೇಲೆ ಬಲಗೈಯಲ್ಲಿ ಕತ್ತಿಯನ್ನೆತ್ತಿ ಎಡಗೈಯಲ್ಲಿ ಕೋವಿಯನ್ನು ಹಿಡಿದು ನಿಂತ ಕೊಡಗಿನ ವೀರನ ರೂಪವಿದೆ. ಸುತ್ತಲೂ ಕನ್ನಡ ಅಕ್ಷರಗಳಿವೆ. ನೇಣುಗಂಬವನ್ನು ಏರಿದವರ ಮನೆಗಳಲ್ಲಿಯೂ ಪದಕವನ್ನು ಧರಿಸಿದವರ ಮನೆಗಳಲ್ಲಿಯೂ ಗೋಡೆಗೆ ತೂಗುತ್ತಿದ್ದುದು ಬಹುಮಟ್ಟಿಗೆ ಒಂದೇ ಬಗೆಯ ಕೋವಿ.

ಒಂದೇ ಮಾದರಿಯ ಕೋವಿ ಎಂಬುದು ಆಂಗ್ಲರಿಗೇನೂ ದೇವರು ಕೊಟ್ಟ ವರವಾಗಿರಲಿಲ್ಲ. ಫ್ರಾನ್ಸಿನೊಂದಿಗೆ ೧೭೯೩ರಲ್ಲಿ ಯುದ್ಧ ಮೊದಲಾದಾಗ ಬ್ರಿಟಿಷ್ ಸೈನ್ಯದಲ್ಲಿ ಕೋವಿಗಳಿಗೆ ಬರವುಂಟಾಯಿತು. ಸೈನ್ಯದ ಅಂದಿನ ಮಾದರಿ ಉದ್ದವಾದದ್ದು, ತಯಾರಿಸಲು ನಿಧಾನ. ಈಸ್ಟ್ ಇಂಡಿಯಾ ಕಂಪೆನಿಯವರಾದರೋ ಭಾರತದಲ್ಲಿಯ ತಮ್ಮ ಸಿಪಾಯಿಗಳಿಗಾಗಿ ೩೯ ಅಂಗುಲ ನಳಿಗೆಯ, ಹೆಚ್ಚು ನಯಗಾರಿಕೆಯಿಲ್ಲದ, ಅಗ್ಗದ ಕೋವಿಯನ್ನು ಮಾಡಿಸುತ್ತಿದ್ದರು. ಲಂಡನ್ನಿನಲ್ಲಿ ಹಡಗು ಹತ್ತಲಿದ್ದ ಆ ಕೋವಿಗಳನ್ನೇ ಸರಕಾರ ಕೊಂಡುಕೊಂಡಿತು. ಕೆಲಸಗಾರರಿಗೂ ಅದೇ ಮಾದರಿಯನ್ನು ಮಾಡಿರೆಂದು ೧೭೯೭ರಲ್ಲಿ ಹೇಳಿತು. ನೆಪೋಲಿಯನ್ನನನ್ನು ಸೋಲಿಸಿದ ಬ್ರಿಟಿಷ್ ಸೈನಿಕರಲ್ಲಿ ಬಹುಮಂದಿಯ ಕೈಯಲ್ಲಿ ಇದ್ದುದು ಈ ‘ಇಂಡಿಯಾ ಮಾದರಿ’ಯ ಕೋವಿ. ನಿಯಮಕ್ಕೆ ಹೊರತಾದುದೇ ಹೀಗೆ ಅವಸರದಲ್ಲಿ ನಿಯಮವಾಗಿಬಿಟ್ಟಿತು.

ಮುಂದೆ ನಳಿಗೆಯ ಒಳಗೋಡೆಯಲ್ಲಿ ಸುರುಳಿಯಾಗಿ ಗೀರುಗಳನ್ನು ಕೊರೆಯುವ ಪದ್ಧತಿ ಸೈನ್ಯದಲ್ಲೆಲ್ಲ ಹಬ್ಬಿತು. ಗುಂಡು ಈ ಗೀರುಗಳನ್ನು ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತ ಹೊರಬೀಳುವುದರಿಂದ ದಾರಿ ತಪ್ಪದೆ ಬಹುದೂರ ನೇರವಾಗಿ ಹೋಗುತ್ತದೆ. ಇಂಥದ್ದಕ್ಕೆ ರೈಫಲ್ ಎಂದು ಹೆಸರು. ೧೮೫೩ರ ಮಾದರಿಯ ಎನ್‌ಫೀಲ್ಡ್ ರೈಫಲಿನ ಜಿಡ್ಡುಹಚ್ಚಿದ ತೋಟೆಯು ೧೮೫೭ರ ಸಂಗ್ರಾಮಕ್ಕೆ ಕಿಡಿಯಾದ ಕಥೆ ಪಾಠಪುಸ್ತಕಗಳಲ್ಲಿ ಇದೆ. ಆ ಬಳಿಕ ಏನಾಯಿತೆಂಬುದನ್ನು ಪಾಠಪುಸ್ತಕಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಭಾರತೀಯ ಸಿಪಾಯಿಗಳಿಗೆ ಕೊಡಲೆಂದು ಅದೇ ಎನ್‌ಫೀಲ್ಡಿನ ರೂಪದಲ್ಲಿ ಒಳಗೆ ಗೀರುಗಳಿಲ್ಲದ ನುಣುಪು ನಳಿಗೆಯ ಕೋವಿಯನ್ನು ಮಾಡಿಸಿದರು! ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ. ಗುರಿಯಲ್ಲಿ ಮಾತ್ರ ಅರ್ಧಕ್ಕರ್ಧ ಕಡಿಮೆ. ಆ ಮೇಲೆಯೂ ಬಹುಕಾಲ ಇದೇ ನೀತಿ ನಡೆಯಿತು: ಬಿಳಿಯ ಸೈನಿಕನಿಗೆ ಹೊಸ ರೈಫಲ್ ಬಂದಾಗ ಅವನ ಹಳೆಯದು ಭಾರತೀಯನಿಗೆ. ಆಂಗ್ಲನ ಕೈಗೆ ಮಾರ್ಟಿನಿ ಹೆನ್ರಿ ಬಂದ ಮೇಲೆ ಸಿಪಾಯಿಯ ಕೈಗೆ ಸ್ನೈಡರ್ ಬಂತು. ತನ್ನ ಪರವಾಗಿ ಸಾಯಲು ಸಿದ್ಧನಾದವನನ್ನು ಸರಕಾರ ಎಷ್ಟರಮಟ್ಟಿಗೆ ನಂಬಿತ್ತೆಂಬುದನ್ನು ನಳಿಗೆಯೊಳಗೆ ಇಣಿಕಿ ನೋಡಿಯೇ ತಿಳಿಯಬಹುದಾಗಿತ್ತು.

ಪ್ರಜೆಗಳ ಮನೆಯ ಕೋವಿಗಳನ್ನೂ ಆ ಕಾಲದಲ್ಲಿಯೇ ಕಿತ್ತುಕೊಳ್ಳಲು ಕಾನೂನುಗಳಾದುವು. ಕೊಡಗಿಗೆ ಮಾತ್ರ ೧೮೬೧ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟನು. ಕೊಡಗಿನವರ ಹಿಂದಿನ ಸೇವೆಯನ್ನು ಅದಕ್ಕೆ ಕಾರಣವಾಗಿ ಹೇಳಿದ್ದಿತು. ಆ ವಿನಾಯಿತಿ ಕೊಡವರಿಗೂ, ಯಾವ ಸಮುದಾಯದವರೇ ಆಗಲಿ ಜಮ್ಮಾ ಹಿಡುವಳಿದಾರರಿಗೂ, ಇಂದಿಗೂ ಇದೆ. ಕೇಂದ್ರ ಸರಕಾರ ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸುಳ್ಯವು ೧೮೩೪ರಲ್ಲಿಯೇ ಕೆನರಾಕ್ಕೆ ಸೇರಿಹೋಗಿದ್ದುದರಿಂದ ಘಟ್ಟದ ತಗ್ಗಿನವರಿಗೆ ಈ ಹಕ್ಕು ಸಿಗಲಿಲ್ಲ. ಒಂದೇ ಅರಸನ ಕೈಕೆಳಗೆ ಇದ್ದ ಎರಡು ಮನೆಗಳಲ್ಲಿ ಮೇಲಿನ ಮನೆಯ ಕೋವಿಗೆ ಪರವಾನಗಿ ಬೇಡ. ಕೆಳಗಿನ ಮನೆಯ ಕೋವಿಯನ್ನು ಪ್ರತಿಯೊಂದು ಚುನಾವಣೆಯ ಸಮಯದಲ್ಲಿಯೂ ಪೊಲೀಸು ಠಾಣೆಯಲ್ಲಿ ಇಟ್ಟು ಬರುವಂತೆ ಹೇಳಿಕಳುಹಿಸುತ್ತಾರೆ. ಕಾಡುಹಂದಿ ಚುನಾವಣೆಯ ದಿನಾಂಕವನ್ನು ನೋಡಿಕೊಂಡು ತೋಟಕ್ಕೆ ನುಗ್ಗುವುದಿಲ್ಲವೆಂದು ರೈತರು ಗೊಣಗುವುದು ಈ ಕಾರಣದಿಂದಲೇ.

ಇನ್ನು ಮಹಾಯುದ್ಧಗಳ ಕಾಲಕ್ಕೆ ಬರೋಣ. ೧೯೧೪ರಲ್ಲಿ ಭಾರತದಿಂದ ಹೊರಟ ಎರಡು ಡಿವಿಜನ್ ಸೈನ್ಯ ಫ್ರಾನ್ಸಿನ ಮಾರ್ಸೇಲ್ಸ್ ರೇವಿನಲ್ಲಿ ಇಳಿಯಿತು. ಅಲ್ಲಿ ಮೊದಲು ಆದ ಕೆಲಸವೆಂದರೆ ಅವರು ಊರಿನಿಂದ ತಂದ ರೈಫಲುಗಳನ್ನು ತೆಗೆದುಕೊಂಡು ಹೊಸ ಮಾದರಿಯವನ್ನು ಕೊಟ್ಟದ್ದು. ಹಳೆಯದೂ ಹೊಸದೂ ಎರಡೂ .೩೦೩ ಅಂಗುಲ ತೂತಿನವೇ. ಆದರೆ ಹೊಸ ತೋಟೆಯ ಗುಂಡು ಮೊನಚಾದುದು, ವೇಗ ಹೆಚ್ಚಿನದು. ಹಳೆಯ ತೋಟೆಯ ಗುಂಡು ಬೋಳುಮೂತಿಯದು, ಮೆಲ್ಲಗಿನದು. ಹಳೆಯದಕ್ಕೆ ಹೊಂದಿಸಿದ ಗುರಿಪಟ್ಟಿಯಲ್ಲಿ ನೋಡಿ ಹೊಸ ತೋಟೆಯನ್ನು ಹೊಡೆದರೆ ಗುಂಡು ಗುರಿಯ ಮೇಲಿನಿಂದ ಹೋಗುವುದು. ವರ್ಷಗಟ್ಟಲೆ ಕೈಗೆ ಪಳಗಿದ್ದ ಆಯುಧವನ್ನು ಬಿಟ್ಟು, ಅಪರಿಚಿತವಾದ ಆಯುಧವನ್ನು ಹಿಡಿದು, ಕೆಲವೇ ವಾರಗಳಲ್ಲಿ ಚಳಿಗಾಲದ ಕೆಸರು ತುಂಬಿದ ಕಂದಕಗಳಿಗೆ ಆ ಸಿಪಾಯಿಗಳು ಇಳಿಯಬೇಕಾಯಿತು.

ಎರಡನೆಯ ಮಹಾಯುದ್ಧದಲ್ಲಿ ಇದಕ್ಕಿಂತ ವಿಷಮವಾದ ಸ್ಥಿತಿಯೊಂದು ಒದಗಿತು. ೧೯೪೨ರ ಫೆಬ್ರವರಿ ೧೫ರಂದು ಸಿಂಗಾಪುರವು ಜಪಾನಿನವರ ವಶವಾದಾಗ ಸೆರೆಸಿಕ್ಕ ಭಾರತೀಯ ಸೈನಿಕರಲ್ಲಿ ಅನೇಕರು ಆಜಾದ್ ಹಿಂದ್ ಫೌಜನ್ನು ಸೇರಿದರು. ಅವರಿಗೆ ಕೊಟ್ಟ ಆಯುಧಗಳು ಬಹುಮಟ್ಟಿಗೆ ಅಲ್ಲಿ ಸಿಕ್ಕಿದ್ದ ಬ್ರಿಟಿಷರವೇ: ಅದೇ .೩೦೩ ರೈಫಲು. ಕೈಗೆ ಪಳಗಿದ್ದೇನೋ ಸರಿ. ಆದರೆ ತೋಟೆ ಎಲ್ಲಿಂದ ಬರಬೇಕು? .೩೦೩ ಅಂಗುಲವೆಂದರೆ ೭.೭ ಮಿಲ್ಲಿಮೀಟರು. ಜಪಾನಿನ ಭೂಸೈನ್ಯದ ಒಂದು ರೈಫಲಿನ ಅಳತೆಯೂ ೭.೭ ಮಿಲ್ಲಿಮೀಟರೇ. ಹಾಗಾದರೆ ಸರಿಹೋಯಿತಲ್ಲ ಎಂದು ಯಾರಾದರೂ ಅಂದುಕೊಳ್ಳಬಹುದು. ಬ್ರಿಟಿಷ್ ತೋಟೆಯ ಬುಡಕ್ಕೆ ಹೊರಚಾಚಿದ ಅಂಚೊಂದು ಇದೆ, ಜಪಾನಿನದಕ್ಕೆ ಅದಿಲ್ಲ, ಉದ್ದವೂ ಬೇರೆ. ಒಂದರದ್ದು ಇನ್ನೊಂದಕ್ಕೆ ಹತ್ತುವುದಿಲ್ಲ. ಹೀಗಾಗಿ ಸೆರೆಸಿಕ್ಕ ಕೋವಿಯನ್ನು ಹಿಡಿದ ಸೈನ್ಯವು ಸೆರೆಸಿಕ್ಕ ತೋಟೆಯನ್ನೇ ಲೆಕ್ಕಹಾಕಿ ಖರ್ಚುಮಾಡಬೇಕು. ಮಿತ್ರನ ಉಗ್ರಾಣ ತುಂಬಿದ್ದರೂ ಪ್ರಯೋಜನವಿಲ್ಲ. ಅಮರ ಸುಳ್ಯದ ರೈತನ ಕಷ್ಟವೇ ನೂರು ವರ್ಷಗಳ ಬಳಿಕ ಬರ್ಮಾದ ಕಾಡಿನಲ್ಲಿ ಮತ್ತೆ ಎದುರಾಯಿತು.

ಈ ಯುದ್ಧದಲ್ಲಿ ಮಡಿಕೇರಿಯ ಕೊಡಂದೇರ ತಿಮ್ಮಯ್ಯನವರು ೧೯೪೪ರಲ್ಲಿ ಅರಾಕಾನಿನಲ್ಲಿ ಬ್ರಿಟಿಷ್ ಭಾರತದ ಸೈನ್ಯದ ಬೆಟಾಲಿಯನ್ ಒಂದನ್ನು ನಡೆಸುತ್ತಿದ್ದರು. ಅವರ ಅಣ್ಣ ಆಜಾದ್ ಹಿಂದ್ ಫೌಜಿನಲ್ಲಿ ಇದ್ದರು. ಒಂದೇ ತಾಯಿಯ ಮಕ್ಕಳು ಎರಡು ಪಕ್ಷಗಳಲ್ಲಿ. ಎರಡು ಪಕ್ಷಗಳ ಜವಾನರ ಹೆಗಲ ಮೇಲೂ ಒಂದೇ ಮಾದರಿಯ ರೈಫಲು. ಕೈಲ್‌ಪೊಳ್ದಿನಂದು ಮನೆಯ ಕೋವಿಗಳನ್ನೆಲ್ಲ ಒಟ್ಟಿಗೆ ಇಟ್ಟು ಪೂಜಿಸುವ ಸಂಪ್ರದಾಯದ ತಾಯಂದಿರು ಅಂಥ ವರ್ಷಗಳನ್ನು ಹೇಗೆ ಕಳೆದಿರಬಹುದೋ!

ತಿಮ್ಮಯ್ಯನವರು ಮುಂದೆ ೧೯೫೭ರಿಂದ ೧೯೬೧ರವರೆಗೆ ಸ್ವತಂತ್ರ ಭಾರತದ ಭೂಸೇನಾ ಮುಖ್ಯಸ್ಥರಾಗಿದ್ದರು. ಆ ಕಾಲದಲ್ಲಿಯೂ ನಮ್ಮ ಜವಾನನ ಕೈಯಲ್ಲಿ ಇದ್ದುದು .೩೦೩ ರೈಫಲೇ. ಒಂದೊಂದು ಈಡಿನ ಬಳಿಕವೂ ಹಿಡಿಕೆಯನ್ನು ಎತ್ತಿ ಹಿಂದಕ್ಕೆಳೆದು ಮುಂದಕ್ಕೆ ದೂಡಬೇಕು; ಪೆಟ್ಟಿಗೆಯಲ್ಲಿ ಹತ್ತು ತೋಟೆಗಳು. ೧೯೬೨ರಲ್ಲಿ ಹಿಮಾಲಯದಲ್ಲಿ ಎದುರಾದ ಚೀನೀಯರ ಕೈಯಲ್ಲಿ ಕೀಲನ್ನು ಒತ್ತಿದಷ್ಟು ಸಲ ತಾನೇ ತುಂಬಿಕೊಂಡು ಹಾರುವ ರೈಫಲುಗಳಿದ್ದುವು. ಇಷ್ಟರಿಂದಲೇ ಸೋಲಾಯಿತೆಂದು ಹೇಳುವುದು ಸರಿಯಲ್ಲ. ಚಳಿಯ ಉಡುಪಿಲ್ಲದಿರುವುದು, ದಾರಿಯಿಲ್ಲದಿರುವುದು, ಮೇಲಿನವರ ತಪ್ಪು ಎಣಿಕೆ, ಎಲ್ಲವೂ ಅದರಲ್ಲಿ ಸೇರಿವೆ. ಆ ಬಳಿಕ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ಇಪ್ಪತ್ತು ತೋಟೆಗಳ, ೭.೬೨ ಮಿಲ್ಲಿಮೀಟರಿನ ಸ್ವಯಂಭರ್ತಿ ರೈಫಲುಗಳು ತಯಾರಾಗತೊಡಗಿದುವು. ಅವು ಎಲ್ಲರಿಗೂ ಸಾಲುವಷ್ಟು ಆಗುವವರೆಗೆ ಏನು ಮಾಡುವುದು? ಅದೇ ಕಾರ್ಖಾನೆಯವರು ಹಳೆಯ ಎನ್‌ಫೀಲ್ಡ್ ರೂಪದಲ್ಲಿಯೇ, ಹೊಸ ೭.೬೨ ತೋಟೆ ಹಿಡಿಸುವಂತೆ ಬೇರೆ ಉಕ್ಕಿನಿಂದ, ಒಂದು ರೈಫಲನ್ನು ಮಾಡಿದರು. ಕೋವಿಗಳು ಎರಡು ಬಗೆಯಾದರೂ ತೋಟೆ ಒಂದೇ ಇರಲಿ ಎಂಬ ಎಣಿಕೆ ಇದು. ನನ್ನ ಅಭಿಪ್ರಾಯದಲ್ಲಿ ಬಹಳ ಬುದ್ಧಿವಂತಿಕೆಯ ಎಣಿಕೆ. ಸೈನ್ಯವು ಬಿಟ್ಟ .೩೦೩ ಪೊಲೀಸರಲ್ಲಿ ಇನ್ನೂ ದೀರ್ಘಕಾಲ ಬಾಳಿತು. ಉತ್ತರ ಪ್ರದೇಶದ ಪೊಲೀಸರು ಅದನ್ನು ಬೀಳ್ಕೊಟ್ಟದ್ದು ೨೦೨೦ರ ಗಣರಾಜ್ಯೋತ್ಸವದಂದು.

ಸೈನ್ಯದ ತೋಟೆ ಪ್ರಜೆಯ ಕೋವಿಗೆ ಹತ್ತಬಾರದು ಎಂಬುದು ಇದರ ಇನ್ನೊಂದು ಮುಖ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು .೪೫೦ ಅಳತೆಯ ಬೇಟೆಕೋವಿಗಳನ್ನು ಭಾರತಕ್ಕೆ ತರಕೂಡದೆಂದು ತಡೆದರು. ಮಾರ್ಟಿನಿ ರೈಫಲಿನ ಗುಂಡಿನ ಅಳತೆಯೂ ಅದೇ ಆಗಿದ್ದುದರಿಂದ, ಬೇಟೆಗಾರನ ಸಾಮಾನು ಗಡಿನಾಡಿನ ದಂಗೆಕೋರರಿಗೆ ಉಪಯೋಗವಾದೀತೆಂಬ ಭಯ ಅವರಿಗೆ. ಕೋವಿ ತಯಾರಕರು ಕೂಡಲೇ .೪೬೫, .೪೭೦ ಎಂಬ ಹೊಸ ಅಳತೆಗಳನ್ನು ಹುಟ್ಟಿಸಿದರು! ಇಂದಿಗೂ ನಮ್ಮ ದೇಶದಲ್ಲಿ .೩೦೩ ಮೊದಲಾದ ಸೈನ್ಯದ ಅಳತೆಗಳನ್ನು ಸಾಮಾನ್ಯ ಪ್ರಜೆಗೆ ಕೊಡುವುದಿಲ್ಲ. ಸರಕಾರೀ ಕಾರ್ಖಾನೆಯವರು ಎನ್‌ಫೀಲ್ಡ್ ರಚನೆಯನ್ನೇ ಇಟ್ಟುಕೊಂಡು .೩೧೫ ಅಳತೆಯ ರೈಫಲನ್ನು ಪ್ರಜೆಗಳಿಗಾಗಿ ಮಾಡಿ ಮಾರುತ್ತಿರುವುದರ ಗುಟ್ಟು ಇದು. ಹನ್ನೆರಡು ಸಾವಿರದಲ್ಲಿ ಒಂದು ಅಂಶದ, ಅಲ್ಲ, ಸಾವಿರದಲ್ಲಿ ಹನ್ನೆರಡು ಅಂಶದ ಅಂಗುಲ ಮಾತ್ರ ವ್ಯತ್ಯಾಸ. ತೋಟೆ ಮಾತ್ರ ಒಂದರದ್ದು ಇನ್ನೊಂದಕ್ಕೆ ಹತ್ತದು.

ಹಳೆಯ ಕೋವಿಗಳನ್ನು ಕೂಡಿಡುವ ವಿಷಯವಾಗಿ ಕೆಲವು ಮಾತುಗಳು. ಸಂಗ್ರಹವೆಂಬುದು ಹಣವಂತರ ಹವ್ಯಾಸವೆಂದು ತ್ಯಜಿಸುವಂತಿಲ್ಲ. ಕೊಡಗಿನ ಮನೆಗಳಲ್ಲಿ ಅದು ಹಬ್ಬದ ಭಾಗ: ಸೆಪ್ಟೆಂಬರ್ ೩ರ ಸುಮಾರಿಗೆ ಬರುವ ಕೈಲ್‌ಪೊಳ್ದಿನಂದು ಕೋವಿಗಳನ್ನು ಒರೆಸಿ, ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವೂ ನಡೆಯುತ್ತದೆ. ಮಗು ಹುಟ್ಟಿದ ಸುದ್ದಿಯನ್ನೂ ಸಾವಿನ ಸುದ್ದಿಯನ್ನೂ ಈಡಿನ ಸದ್ದಿನಿಂದ ಊರಿಗೆ ತಿಳಿಸುವ ರೂಢಿ ಅವರದ್ದು. ಮೈಸೂರಿನ ಅರಮನೆಯಲ್ಲಿ ಒಡೆಯರ ಆಯುಧಶಾಲೆ ಇದೆ. ಮಡಿಕೇರಿಯಲ್ಲಿ ತಿಮ್ಮಯ್ಯನವರ ‘ಸನ್ನಿಸೈಡ್’ ಎಂಬ ಮನೆಯೇ ೨೦೨೧ರ ಫೆಬ್ರವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ನಮ್ಮ ಶಾಲೆಯಿಂದ ಒಂದು ದಿನದ ಪ್ರವಾಸಕ್ಕೆ ದೂರವೇನೂ ಅಲ್ಲ. ಸೈನ್ಯವು ಬಳಸಿದ ಆಯುಧಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು.

ಎಲ್ಲ ಸಂಗ್ರಹಗಳೂ ಹೀಗೆ ಗಾಜಿನ ಪೆಟ್ಟಿಗೆಯಲ್ಲಿ ಇರುವುದಿಲ್ಲ. ೨೦೧೮ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಅಂದರೆ ಹಿಂದಿನ ಬಿದನೂರಿನಲ್ಲಿ, ಹಾಳುಬಾವಿಯೊಂದರ ಕೆಸರಿಗೆ ಮದ್ದಿನ ವಾಸನೆಯಿದ್ದುದರಿಂದ ಅಗೆದು ನೋಡಲು, ಹೈದರ್ ಟಿಪ್ಪುಗಳ ಕಾಲದ ಕಬ್ಬಿಣದ ರಾಕೆಟ್ಟುಗಳು ಸಾವಿರದಷ್ಟು ದೊರೆತುವು. ಇನ್ನೂರು ವರ್ಷ ನೀರಿನಲ್ಲಿ ಇದ್ದರೂ ಮದ್ದು ತನ್ನ ಗುರುತನ್ನು ಉಳಿಸಿಕೊಂಡಿತ್ತು. ಇದನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮ ಹಳೆಯ ಮನೆಗಳ ಅಟ್ಟದಲ್ಲಿಯೋ ಮಾಡಿನ ಸಂದಿಯಲ್ಲಿಯೋ ಅಜ್ಜನ ಕಾಲದ ಕೇಪಿನ ಕೋವಿಯೊಂದು ಸಿಗುವುದು ಅಪೂರ್ವವಲ್ಲ. ತುಕ್ಕು ಹಿಡಿದಿದೆ, ಇನ್ನೇನಾದೀತು ಎಂದು ಮಕ್ಕಳು ಅದನ್ನು ಆಟಕ್ಕೆ ಎತ್ತಿಕೊಳ್ಳುವರು. ಬಾಯಿಯಿಂದ ತುಂಬುವ ಕೋವಿಯಲ್ಲಿ ಈಡು ಇದೆಯೋ ಇಲ್ಲವೋ ಹೊರಗಿನಿಂದ ಕಾಣಿಸುವುದೇ ಇಲ್ಲ. ಹಂದಿಗಾಗಿ ತುಂಬಿಟ್ಟು ಹೊಡೆಯದೆ ಉಳಿದ ಈಡು ತುಂಬಿದವನು ತೀರಿಹೋದ ಮೇಲೂ ಒಳಗೆ ಇರಬಹುದು. ಮಕ್ಕಳು ಅದನ್ನು ಮುಟ್ಟದೆ ಹಿರಿಯರಿಗೆ ಹೇಳಬೇಕು. ಹಿರಿಯರು ಅದನ್ನು ಕೆದಕದೆ, ಬೆಂಕಿಯ ಬಳಿ ತಾರದೆ, ಠಾಣೆಗೆ ತಿಳಿಸಬೇಕು. ೧೯೫೯ರ ಆಯುಧ ಕಾನೂನಿನಂತೆ, ದುರಸ್ತಿ ಮಾಡಿದರೂ ಹೊಡೆಯಲು ಬಾರದಂಥ ಪುರಾತನ ಆಯುಧವನ್ನು ಪರವಾನಗಿ ಇಲ್ಲದೆ ಇಟ್ಟುಕೊಳ್ಳಲು ಅವಕಾಶವಿದೆ. ಆದರೆ ಅಂಥದ್ದು ಹೌದೋ ಅಲ್ಲವೋ ಎಂಬುದನ್ನು ತೀರ್ಮಾನಿಸತಕ್ಕವರು ಮನೆಯವರಲ್ಲ, ಅಧಿಕಾರಿಗಳು. ಪರವಾನಗಿ ಇರುವವರು ಕೂಡ ೨೦೧೯ರ ತಿದ್ದುಪಡಿಯ ಬಳಿಕ ಎರಡಕ್ಕಿಂತ ಹೆಚ್ಚು ಕೋವಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಹಿಂದೆ ಮೂರಕ್ಕೆ ಅವಕಾಶವಿತ್ತು.

ಹೀಗೆ ಒಪ್ಪಿಸಬೇಕಾಗಿ ಬಂದ ಕೋವಿ ಹಿಂದಕ್ಕೆ ಬಾರದಿರಬಹುದು. ಅದಕ್ಕೆ ಮೊದಲು ಮಾಡಬಹುದಾದ ಕೆಲಸವೊಂದಿದೆ. ಅದಕ್ಕೆ ಪರವಾನಗಿಯೂ ಬೇಡ, ಹಣವೂ ಬೇಡ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜನೋ ಅಜ್ಜಿಯೋ ಇದ್ದರೆ ಅವರ ಬಳಿ ಕುಳಿತು, ಈ ಕೋವಿಯನ್ನು ಯಾರು ಯಾವಾಗ ಎಲ್ಲಿಂದ ತಂದರು, ಮಾಡಿದ ಕಮ್ಮಾರ ಯಾವ ಊರಿನವನು, ಗುಂಡಿನ ಅಚ್ಚು ಎಲ್ಲಿ ಹೋಯಿತು, ಕೊನೆಯ ಈಡು ಹೊಡೆದದ್ದು ಯಾವ ವರ್ಷ ಎಂದು ಕೇಳಿ, ಅವರು ಹೇಳಿದಂತೆಯೇ ತಾರೀಕು ಹಾಕಿ ಪುಸ್ತಕದಲ್ಲಿ ಬರೆದಿಡುವುದು. ೧೮೩೭ರಲ್ಲಿ ಪೂಮಲೆಯಿಂದ ಹೊರಟ ಕೋವಿಗಳ ಬಗ್ಗೆ ಹಾಗೆ ಕೇಳಿ ಬರೆದಿಟ್ಟವರು ಇದ್ದಿದ್ದರೆ, ಈ ಲೇಖನದಲ್ಲಿ ಅವುಗಳ ವರ್ಣನೆ ಇನ್ನೂ ನಾಲ್ಕು ಪುಟ ಬೆಳೆಯುತ್ತಿತ್ತು.